ಗಂಟು ಬೀಳದ ದಾರ

ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಮುನಿಸಿಕೊಳ್ಳುತ್ತಾರೆ. ಹೇಳದಿದ್ದರೆ ಎಲ್ಲರೂ ಪಕ್ಕದೂರಿನ ಕತೆಯೆಂದುಕೊಂಡು ನೆಮ್ಮದಿಯಾಗಿ ಕೇಳುತ್ತಾರೆ.

ಆ ಊರಿನಲ್ಲಿ ಮಗು ಹುಟ್ಟಿದ ಹನ್ನೊಂದನೆಯ ದಿನ ಅದಕ್ಕೊಂದು ದಾರ ಸಿಗುತ್ತಿತ್ತು. ಎಂಟು ಗೇಣು ಉದ್ದದ ಬಿಳಿ ನೂಲಿನ ದಾರ. ತೊಟ್ಟಿಲು, ಹೆಸರು, ಕಿವಿ ಚುಚ್ಚಿಸುವುದು ಎಲ್ಲ ಆಮೇಲೆ. ದಾರವನ್ನು ನ್ಯಾಯಸ್ಥಾನದ ಒಳಗೋಡೆಯ ಗೂಟಕ್ಕೆ ತೂಗುಹಾಕುತ್ತಿದ್ದರು. ಊರಲ್ಲಿ ಎಷ್ಟು ತಲೆಯೋ ಅಷ್ಟು ಗೂಟ. ಕಿಟಕಿ ತೆರೆದಾಗ ಗಾಳಿ ಬಂದರೆ ಇಡೀ ಊರು ಗೋಡೆಯ ಮೇಲೆ ಅಲ್ಲಾಡುತ್ತಿತ್ತು.

ವರ್ಷಕ್ಕೊಮ್ಮೆ, ಹುಣಸೆ ಚಿಗುರುವ ತಿಂಗಳ ಮೊದಲ ದಿನ, ಅಳತೆಯ ದಿನ. ನ್ಯಾಯಸ್ಥಾನದ ಅಂಗಳದ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಒಬ್ಬೊಬ್ಬರಾಗಿ ನಿಲ್ಲಬೇಕು. ಅಳತೆಯಮ್ಮ ದಾರದ ಒಂದು ತುದಿಯನ್ನು ಹಿಮ್ಮಡಿಯ ಕೆಳಗಿಟ್ಟು, ನೆತ್ತಿಯ ತನಕ ಎಳೆದು, ನೆತ್ತಿ ಸಿಕ್ಕ ಕಡೆ ಅರಿಸಿನದ ಬೆರಳೊತ್ತುವಳು. ಮಕ್ಕಳೆಲ್ಲ ತುದಿಗಾಲಲ್ಲಿ ನಿಲ್ಲುವವರೇ. ಅಳತೆಯಮ್ಮ ತಲೆಯ ಮೇಲೆ ಅಂಗೈಯಿಟ್ಟು, "ಹಿಮ್ಮಡಿ ಊರು" ಅನ್ನುವಳು. ಕೆಲವು ತಾಯಂದಿರು ಮಗುವಿನ ಜುಟ್ಟನ್ನು ನೆತ್ತಿಯ ಮೇಲೆ ಗೋಪುರದ ಹಾಗೆ ಕಟ್ಟಿ ತರುವರು. ಅದನ್ನೂ ಅವಳ ಅಂಗೈ ಚಪ್ಪಟೆ ಮಾಡುತ್ತಿತ್ತು.

ಎರಡು ವರ್ಷ ಅರಿಸಿನ ಒಂದೇ ಕಡೆ ಬಿತ್ತೆಂದರೆ ಬೆಳೆಯುವುದು ನಿಂತಿತು ಎಂದರ್ಥ. ಆಗ ಆ ಗುರುತಿನ ಮೇಲೆ ಅಳತೆಯಮ್ಮ ಕೊನೆಗಂಟು ಹಾಕುವಳು, ಕತ್ತರಿಯವನು ಗಂಟಿನಾಚೆ ಮಿಕ್ಕ ಬಾಲವನ್ನು ಕತ್ತರಿಸುವನು, ಬಾಯಿಗೆ ಬೆಲ್ಲ ಬೀಳುವುದು. ಗಂಟು ಬಿದ್ದವರು ಮದುವೆಯಾಗಬಹುದು, ಸಾಕ್ಷಿ ಹೇಳಬಹುದು, ಇಷ್ಟವಿಲ್ಲದ ಮನೆಯಲ್ಲಿ ಇರಲಾರೆ ಅನ್ನಬಹುದು. ಗಂಟು ಬೀಳದವರು ಇಟ್ಟ ಕಡೆ ಇರಬೇಕು.

ಇಷ್ಟೆಲ್ಲ ಅಳೆದಿಡುವುದು ಏಕೆಂದರೆ, ಆ ಊರಿನ ನ್ಯಾಯಕ್ಕೆ ಇದ್ದದ್ದು ಒಂದೇ ಕಟ್ಟಳೆ. ಒಬ್ಬರನ್ನು ಕೊಂದವನು ಸತ್ತವರ ಎತ್ತರದಷ್ಟು ಕಾಲ ಸೆರೆಮನೆಯಲ್ಲಿ ಇರಬೇಕು. ಬೆರಳಿಗೆ ಮೂರು ತಿಂಗಳು, ಹನ್ನೆರಡು ಬೆರಳಿನ ಗೇಣಿಗೆ ಮೂರು ವರ್ಷ. ಏಳು ಗೇಣಿನ ಸಾಮಾನ್ಯ ಮನುಷ್ಯ ಸತ್ತರೆ ಇಪ್ಪತ್ತೊಂದು ವರ್ಷ. ಒಮ್ಮೆ ಜಟ್ಟಿಯೊಬ್ಬ ಜಗಳದಲ್ಲಿ ಸತ್ತಾಗ ಎಂಟು ಗೇಣಿನ ದಾರವೂ ಸಾಲದೆ ಒಂದು ತುಂಡು ಸೇರಿಸಬೇಕಾಯಿತು. ಎಂಥ ಉದ್ದದ ನ್ಯಾಯ ಎಂದು ಊರು ಬಹಳ ದಿನ ಹೇಳಿಕೊಂಡು ತಿರುಗಿತು.

ಕೊಂದವನಲ್ಲೂ ಒಳ್ಳೆಯದೊಂದಿಷ್ಟು ಇರುತ್ತದಲ್ಲ, ಅದನ್ನೂ ನೋಡಬೇಕಲ್ಲ. ಅದಕ್ಕೆ ಪರವಾದಿ ಎಂಬವನಿದ್ದ. ಅವನು ಒಂದೊಂದೇ ಒಳ್ಳೆಯ ಗುಣ ಹೇಳುತ್ತ ಹೋಗುವನು, ಕತ್ತರಿಯವನು ದಾರದಿಂದ ಒಂದೊಂದೇ ತುಂಡು ಕತ್ತರಿಸುತ್ತ ಬರುವನು. ಅತ್ತಿದ್ದಕ್ಕೆ ಎರಡು ಬೆರಳು. ಎಲ್ಲರ ಮುಂದೆ ಅತ್ತಿದ್ದಕ್ಕೆ ನಾಲ್ಕು. ಕೆರೆಯ ಹೂಳೆತ್ತಲು ಬಂದಿದ್ದರೆ ಮೂರು. ಸತ್ತವರ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ. ದಾರವೇ ಮಾತಾಡುತ್ತದೆ ಎಂದು ಹಿರಿಯರು ತೀರ್ಮಾನಿಸಿದ್ದರು. ಅಳತೆಯಮ್ಮ ದಾರವನ್ನು ಮೇಜಿನ ಮೇಲಿಟ್ಟು, "ಇದು ಅಳತೆ. ಇದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ" ಎಂದು ಹೇಳಿ ಹಿಂದೆ ಸರಿಯಬೇಕು. ಅದಕ್ಕಿಂತ ಒಂದು ಮಾತು ಹೆಚ್ಚು ಆಡುವಂತಿರಲಿಲ್ಲ. ಮೂವತ್ತು ವರ್ಷ ಅವಳು ಆಡಿರಲೂ ಇಲ್ಲ.

ತೀರ್ಪುಗಾರರು ಕೂರುವ ಮೊದಲು ಅವರ ಎರಡೂ ಕೈಗಳನ್ನು ರೇಷ್ಮೆಪಟ್ಟಿಯಿಂದ ಕಟ್ಟುತ್ತಿದ್ದರು. ತಮ್ಮ ಕೈಯಾರೆ ಏನನ್ನೂ ಮಾಡುತ್ತಿಲ್ಲ ಎಂಬುದು ಎಲ್ಲರಿಗೂ ಕಾಣಲಿ ಎಂದು. ಮೂಗು ತುರಿಸಿದರೆ ಕತ್ತರಿಯವನು ತುರಿಸಿಕೊಡಬೇಕು. ಒಳ್ಳೆಯವರು ಪಾಪ, ತುಂಬ ಮೆದು ಮನಸ್ಸು. ಯಾರನ್ನು ಸೆರೆಮನೆಗೆ ಕಳಿಸಿದರೂ ಆ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೀಗೆ ಎಲ್ಲವೂ ಸರಿಯಾಗಿಯೇ ಇತ್ತು. ಸತ್ತದ್ದು ಮಗುವಾದಾಗ ಮಾತ್ರ ಚೂರು ತೊಡಕು. ಮಗುವಿನ ದಾರಕ್ಕೆ ಕೊನೆಗಂಟು ಬಿದ್ದಿರುವುದಿಲ್ಲ. ಗಂಟಿಲ್ಲದ ದಾರಕ್ಕೆ ಕತ್ತರಿ ಹಾಕಿದರೆ ಎಳೆಯೆಲ್ಲ ಬಿಚ್ಚಿಕೊಂಡು ಮೇಜು ಅಸಹ್ಯವಾಗುತ್ತದೆ. ಹಾಗಾಗಿ ವಿಚಾರಣೆಯ ಹಿಂದಿನ ದಿನ ಅಳತೆಯಮ್ಮನೇ ಕೊನೆಯ ಅರಿಸಿನದ ಮೇಲೊಂದು ಗಂಟು ಹಾಕಿ, ಬಾಲ ಕತ್ತರಿಸಿ, ಒಪ್ಪವಾಗಿ ಮಾಡಿಕೊಡುವ ರೂಢಿ ಬಂದಿತ್ತು. ಯಾರೋ ಕೂತು ಬರೆದ ಕಟ್ಟಳೆಯಲ್ಲ ಅದು, ಅಂದಕ್ಕೆಂದು ಬಂದದ್ದು. ಕತ್ತರಿಸಿದ ಬಾಲ ಹಾಳಾಗಬಾರದೆಂದು ಅದರಲ್ಲೇ ನ್ಯಾಯಸ್ಥಾನದ ಕಡತಗಳನ್ನು ಕಟ್ಟುತ್ತಿದ್ದರು. ದಾರ ಗಟ್ಟಿಯಾಗಿರುತ್ತಿತ್ತು, ಎಲ್ಲರೂ ಮೆಚ್ಚುತ್ತಿದ್ದರು. ಒಮ್ಮೆ ಎರಡು ಗೇಣಿನ ಎಳೆಗೂಸಿನ ವಿಚಾರಣೆಯಲ್ಲಿ ಒಳ್ಳೆಯ ಗುಣಗಳು ಮುಗಿಯುವ ಮೊದಲೇ ದಾರ ಮುಗಿದುಹೋಯಿತು. ಉಳಿದ ಗುಣಗಳಿಗೆ ಕತ್ತರಿಸಲು ಏನೂ ಇಲ್ಲವೆಂದು ತೀರ್ಪುಗಾರರು ಆ ಮನುಷ್ಯನ ಕ್ಷಮೆ ಕೇಳಿ, ಎಲೆಅಡಿಕೆ ಕೊಡಿಸಿ ಕಳಿಸಿದರು.

ಈಗ ಗಡಿಯಾರದವನ ವಿಷಯ.

ಊರಿನ ಚೌಕದಲ್ಲಿ ಒಂದು ದೊಡ್ಡ ಗಡಿಯಾರವಿತ್ತು. ಅದಕ್ಕೆ ಕೀಲಿ ಕೊಡುವವನು ಗಡಿಯಾರದವನು. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಡಮಾಡಿದವನಲ್ಲ, ಒಬ್ಬರ ಮೇಲೂ ದನಿಯೆತ್ತಿದವನಲ್ಲ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಎರಡನೆಯದನ್ನು ಹೆತ್ತು ಹೆಂಡತಿ ತೀರಿಕೊಂಡಿದ್ದಳು. ಹಿರಿಯವಳಿಗೆ ಐದು ವರ್ಷ. ತನಗಿಂತ ಚಿಕ್ಕದೊಂದು ಇದೆಯೆಂಬ ಕಾರಣಕ್ಕೆ ಊರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿತ್ತು. ತಂಗಿಗೆ ಮೂರು.

ಅಕ್ಕ ಗಡಿಯಾರಕ್ಕೆ ಹಾಕುವ ಎಣ್ಣೆ ಚೆಲ್ಲಿದಳೆಂದು ಗಡಿಯಾರದವನು ಹೊಡೆದ. ಅದು ಮೊದಲ ಸಲವಲ್ಲ, ಆದರೆ ಕೊನೆಯದಾಯಿತು. ಅಕ್ಕ ಸತ್ತಳು.

ಅವನನ್ನು ಹಿಡಿದು ಕೂಡಿಹಾಕಿದ ದಿನವೇ ಗಡಿಯಾರ ಏಳು ಗಂಟೆ ಹತ್ತು ನಿಮಿಷಕ್ಕೆ ನಿಂತಿತು. ಊರಿಗೆ ಬಹಳ ತೊಂದರೆಯಾಯಿತು. ಅಂಗಡಿ ತೆರೆಯುವುದು ಯಾವಾಗ, ಅನ್ನಕ್ಕೆ ಇಡುವುದು ಯಾವಾಗ, ಯಾರಿಗೂ ತಿಳಿಯದು. ಬಾವಿಕಟ್ಟೆಯ ಬಳಿ ಹೆಂಗಸರು, "ಮಗು ಹೋದ್ದು ಹೋಯ್ತು, ಗಡಿಯಾರಾನಾದ್ರೂ ನಡೀಬಾರ್ದಾ" ಎಂದು ನಿಟ್ಟುಸಿರು ಬಿಟ್ಟರು. ಪರವಾದಿ ಗುಣಗಳ ಪಟ್ಟಿಯನ್ನು ಆಗಲೇ ಬರೆದಿಟ್ಟಿದ್ದ: ಹನ್ನೆರಡು ವರ್ಷ ತಪ್ಪದೆ ಕೀಲಿ ಕೊಟ್ಟದ್ದು, ಹೆಂಡತಿಯನ್ನು ಕಳೆದುಕೊಂಡದ್ದು, ಅತ್ತದ್ದು, ಎಲ್ಲರ ಮುಂದೆ ಅತ್ತದ್ದು. ಎಲ್ಲಕ್ಕಿಂತ ದೊಡ್ಡದಾಗಿ, ಹೆತ್ತ ಮಗುವನ್ನೇ ಕಳೆದುಕೊಂಡ ತಂದೆ ಎಂಬುದಕ್ಕೆ ಇಡಿಯ ಒಂದು ಗೇಣು.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಅಳತೆಯಮ್ಮ ಗೋಡೆಯಿಂದ ಅಕ್ಕನ ದಾರವನ್ನು ಇಳಿಸಿ ಮಡಿಲಲ್ಲಿ ಹಾಕಿಕೊಂಡಳು. ಪಕ್ಕದಲ್ಲಿ ತಂಗಿ ಕೂತಿತ್ತು. ತೀರ್ಪು ಆಗುವ ತನಕ ಮಗು ಅಳತೆಯಮ್ಮನ ಮನೆಯಲ್ಲಿರಲಿ ಎಂದು ತೀರ್ಪುಗಾರರು ಹೇಳಿದ್ದರು. ಅದು ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಯಾರಾದರೂ ಕೈ ಎತ್ತಿ ತಲೆ ಬಾಚಿಕೊಂಡರೂ ಕತ್ತನ್ನು ಭುಜದೊಳಗೆ ಎಳೆದುಕೊಳ್ಳುತ್ತಿತ್ತು.

ಅಳತೆಯಮ್ಮ ಲೆಕ್ಕ ಹಾಕಿದಳು. ಅಕ್ಕನ ಕೊನೆಯ ಗುರುತು ನಾಲ್ಕು ಗೇಣು ಎರಡು ಬೆರಳು. ಪರವಾದಿಯ ಪಟ್ಟಿಯಂತೆ ಕತ್ತರಿಸಿದರೆ ಉಳಿಯುವುದು ಹತ್ತು ಬೆರಳು. ಎರಡೂವರೆ ವರ್ಷ. ಕೊಂದವನ ಸೆರೆ ಮುಗಿದಾಗ ಅವನ ಮನೆಯ ಗಂಟು ಬೀಳದವರು ಅವನ ಮನೆಗೇ ಹೋಗಬೇಕು. ಆಗ ತಂಗಿಗೆ ಐದೂವರೆ. ಅಕ್ಕ ಸತ್ತ ವಯಸ್ಸಿಗೆ ಸರಿಯಾಗಿ ಅಪ್ಪ ಮನೆಗೆ ಬಂದಿರುತ್ತಾನೆ, ಎಣ್ಣೆಯ ಬಟ್ಟಲು ಅಲ್ಲೇ ಇರುತ್ತದೆ.

ಅವಳು ದಾರವನ್ನು ಬೆರಳಲ್ಲಿ ಹಿಡಿದು ಗುರುತುಗಳನ್ನು ನೋಡುತ್ತ ಹೋದಳು. ಮೂರನೆಯ ವರ್ಷದ ಅರಿಸಿನ ನಾಲ್ಕು ಗೇಣಿಗೆ. ನಾಲ್ಕನೆಯದು ಅದರಿಂದ ನಾಲ್ಕು ಬೆರಳು ಮೇಲೆ. ಐದನೆಯದು ನಾಲ್ಕನೆಯದಕ್ಕಿಂತ ಎರಡು ಬೆರಳು ಕೆಳಗೆ.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಅಕ್ಕ ಕಂಬಕ್ಕೆ ಬೆನ್ನು ಕೊಟ್ಟು ಗೂನಾಗಿ ನಿಂತಿದ್ದಳು. "ನೆಟ್ಟಗೆ ನಿಲ್ಲಮ್ಮ" ಎಂದಿದ್ದಳು ಅಳತೆಯಮ್ಮ. ಮಗು ಪಕ್ಕದಲ್ಲಿದ್ದ ಅಪ್ಪನ ಕೈಯನ್ನೊಮ್ಮೆ ನೋಡಿ, "ಇದೇ ನೆಟ್ಟಗೆ, ಅಜ್ಜಿ" ಎಂದಿತ್ತು. ಗುರುತು ಹಿಂದೆ ಬಿದ್ದದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಹಿಂದಿನ ದಿನ ಅಕಾಲದಲ್ಲಿ ನಾಲ್ಕು ಹನಿ ಮಳೆ ಬಿದ್ದಿತ್ತು. ದಾರ ತೇವಕ್ಕೆ ಏರುಪೇರಾಗಿದೆ ಎಂದು ಅಳತೆಯಮ್ಮನೇ ಹೇಳಿದ್ದಳು. ಎಲ್ಲರೂ ಹೌದೆಂದಿದ್ದರು. ಮರುದಿನ ಅವಳು ಎಲ್ಲ ದಾರಗಳಿಗೂ ಗಂಜಿ ಹಾಕಿ ಒಣಗಿಸಿದ್ದಳು. ಅಷ್ಟು ಅಚ್ಚುಕಟ್ಟು ಅವಳ ಕೆಲಸ.

ಊರಿನಲ್ಲಿ ಯಾವ ಮಗುವೂ ಹಿಂದಕ್ಕೆ ಬೆಳೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಅವಳು ಮಗುವನ್ನು ಬಿಟ್ಟು ದಾರವನ್ನು ಅನುಮಾನಿಸಿದ್ದಳು. ಅದು ಹೊಳೆದು ಅಳತೆಯಮ್ಮನಿಗೆ ನಾಚಿಕೆಯಾಯಿತು. ಅತ್ತಳು. ಗಂಟು ಹಾಕಲು ದಾರದ ತುದಿ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಮೂವತ್ತು ವರ್ಷದಲ್ಲಿ ಸತ್ತ ಮಕ್ಕಳ ದಾರಕ್ಕೆ ಅವಳು ಹಾಕಿದ ಗಂಟು ಏಳು. ಎಂಟನೆಯದಕ್ಕೆ ಕೈ ಬರಲಿಲ್ಲ. ದಾರವನ್ನು ಇದ್ದ ಹಾಗೆ, ಬಾಲದ ಸಮೇತ ಸುತ್ತಿಟ್ಟಳು.

ಮರುದಿನ ನ್ಯಾಯಸ್ಥಾನ ತುಂಬಿತ್ತು. ಗಡಿಯಾರ ನಿಂತಿದ್ದರಿಂದ ಕೆಲವರು ಬೆಳಗಿನ ಜಾವಕ್ಕೇ ಬಂದಿದ್ದರು, ಕೆಲವರು ಊಟ ಮುಗಿಸಿ ಬಂದರು. ತೀರ್ಪುಗಾರರ ಕೈಗೆ ರೇಷ್ಮೆಪಟ್ಟಿ ಕಟ್ಟಲಾಯಿತು. ಗಡಿಯಾರದವನು ತಲೆ ತಗ್ಗಿಸಿ ಅಳುತ್ತಿದ್ದ. ಸುಳ್ಳು ಅಳುವೇನಲ್ಲ, ಅವನಿಗೆ ನಿಜವಾಗಿಯೂ ತನ್ನ ಮೇಲೆ ಮರುಕವಿತ್ತು.

ಅಳತೆಯಮ್ಮ ದಾರವನ್ನು ಮೇಜಿನ ಉದ್ದಕ್ಕೂ ಹಾಸಿದಳು. ಅದು ಮೇಜು ದಾಟಿ ಕೆಳಗೆ ಇಳಿಬಿತ್ತು.

"ಇದು ಅಳತೆ" ಎಂದಳು. ಹಿಂದೆ ಸರಿಯಲಿಲ್ಲ. "ಇದಕ್ಕಿಂತ ಹೆಚ್ಚಿದೆ."

ಕತ್ತರಿಯವನು ಬಗ್ಗಿ ನೋಡಿದ. "ಗಂಟೆಲ್ಲಮ್ಮಾ? ಗಂಟಿಲ್ಲದೆ ನಾನು ಕತ್ತರಿ ಆಡ್ಸೋ ಹಾಗಿಲ್ಲ, ಎಳೆ ಬಿಚ್ಕೊಳ್ಳತ್ತೆ."

"ಹಾಕಿಲ್ಲ."

"ಮರೆತಿರಬೇಕು, ವಯಸ್ಸಾಯ್ತಲ್ಲ" ಎಂದು ಪರವಾದಿ ನಕ್ಕ. "ಪರವಾಗಿಲ್ಲ, ಈಗ ಹಾಕಿಬಿಡಿ. ನಾವೆಲ್ಲ ಕಾಯ್ತೀವಿ."

"ಹಾಕ್ತೀನಿ. ಗಂಟು ಹಾಕೋದು ಯಾವಾಗ ಅಂತ ನಿಮಗೂ ಗೊತ್ತಲ್ಲ? ಎರಡು ವರ್ಷ ಅರಿಸಿನ ಒಂದೇ ಕಡೆ ಬೀಳ್ಬೇಕು. ಈ ಮಗೂದು ಇನ್ನೂ ಬಿದ್ದಿಲ್ಲ. ಮುಂದಿನ ವರ್ಷ ಅಳೀತೀನಿ, ಅದರಾಚೆ ವರ್ಷಾನೂ ಅಳೀತೀನಿ. ಬೆಳೆಯೋದು ನಿಂತ ಮೇಲೆ ಗಂಟು ಹಾಕ್ಕೊಡ್ತೀನಿ."

"ಸತ್ತೋದ ಮಗೂನ ಹೇಗಮ್ಮ ಅಳೀತೀರ?" ಎಂದ ಪರವಾದಿ.

"ಅದನ್ನ ಅವನ್ನ ಕೇಳಿ" ಎಂದಳು ಅಳತೆಯಮ್ಮ, ಗಡಿಯಾರದವನ ಕಡೆ ನೋಡದೆ. "ಅಳೆಯೋಕಾಗದ ಹಾಗೆ ಮಾಡಿದ್ದು ನಾನಲ್ಲ."

ನ್ಯಾಯಸ್ಥಾನದಲ್ಲಿ ಗಡಿಯಾರದವನ ಅಳುವೊಂದೇ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು, ಏಕೆಂದರೆ ಅವನೂ ಈಗ ಕಿವಿಗೊಟ್ಟು ಕೇಳುತ್ತಿದ್ದ.

ತೀರ್ಪುಗಾರರಿಗೆ ಕಟ್ಟಳೆ ಎಂದರೆ ಪ್ರಾಣ. ಅಳತೆಯಮ್ಮ ಮಾತಾಡಬಾರದಿತ್ತು, ಅದು ತಪ್ಪು. ಆದರೆ ಅವಳು ಆಡಿದ ಮಾತು ಕಟ್ಟಳೆಯದೇ, ಅದು ಸರಿ. ಅವರಿಗೆ ಹಣೆಯಲ್ಲಿ ಬೆವರು ಬಂತು. ಕತ್ತರಿಯವನು ಒರೆಸಿದ.

"ಇಷ್ಟು ದಿನ ಹೇಗೆ ನಡೀತಿತ್ತು ಹಾಗಾದ್ರೆ?" ಎಂದು ಕೇಳಿದರು.

"ನೀವು ಗಂಟು ಕೇಳಿದ್ರಿ, ನಾನು ಹಾಕ್ದೆ. ಏಳು ಮಕ್ಕಳಿಗೆ ಹಾಕಿದೀನಿ ಸ್ವಾಮಿ. ಅವರ್ಯಾರೂ ಬೆಳೆಯೋದು ನಿಲ್ಲಿಸಿರಲಿಲ್ಲ. ಮೇಜು ಚೆನ್ನಾಗಿ ಕಾಣ್ಲಿ ಅಂತ ಹಾಕ್ದೆ. ಅವರ ಬಾಲ ಅಲ್ಲಿದೆ, ನೋಡಿ."

ಎಲ್ಲರೂ ತೀರ್ಪುಗಾರರ ಹಿಂದಿದ್ದ ಕಪಾಟನ್ನು ನೋಡಿದರು. ಕಡತಗಳೆಲ್ಲ ಬಿಳಿ ದಾರದಲ್ಲಿ ಅಂದವಾಗಿ ಕಟ್ಟಿಸಿಕೊಂಡು ಕೂತಿದ್ದವು.

"ಇನ್ನೊಂದಿದೆ" ಎಂದಳು ಅಳತೆಯಮ್ಮ. "ನಾಲ್ಕನೇ ಗುರುತು ಇಲ್ಲಿ. ಐದನೇದು ಅದಕ್ಕಿಂತ ಎರಡು ಬೆರಳು ಕೆಳಗೆ. ದಾರಕ್ಕೆ ಹಾಕೋ ಕತ್ತರಿ ಊರಲ್ಲಿ ಇದೊಂದೇ. ಹಾಗಾದ್ರೆ ಮಗು ಬದುಕಿದ್ದಾಗಲೇ ಈ ಎರಡು ಬೆರಳು ಕತ್ತರಿಸಿದ್ದು ಯಾರು? ದಾರ ತೇವ ಆಗಿದೆ ಅಂತ ನಾನಂದೆ. ನೀವೂ ಹೂಂ ಅಂದ್ರಿ. ಮಗು ಹೇಳಿತ್ತು, ಇದೇ ನೆಟ್ಟಗೆ ಅಂತ. ಮಗು ಮಾತು ನಾನು ಕೇಳಿಸ್ಕೊಳ್ಳಲಿಲ್ಲ. ನನ್ನದೂ ತಪ್ಪಿದೆ, ನನಗೇನು ಮಾಡ್ತೀರೋ ಮಾಡಿ. ಆದ್ರೆ ಗಂಟು ಮಾತ್ರ ಹಾಕಲ್ಲ."

ತೀರ್ಪುಗಾರರು ಇಳಿಬಿದ್ದ ದಾರವನ್ನೂ ಕಟ್ಟಿದ ತಮ್ಮ ಕೈಗಳನ್ನೂ ನೋಡಿಕೊಂಡರು. ಆಮೇಲೆ ಯಾರೂ ಎಂದೂ ಕೇಳಿರದ ಮಾತು ಹೇಳಿದರು. "ಪಟ್ಟಿ ಬಿಚ್ಚಿ."

ಕತ್ತರಿಯವನಿಗೆ ಪಟ್ಟಿ ಕಟ್ಟುವುದು ಗೊತ್ತಿತ್ತೇ ಹೊರತು ವಿಚಾರಣೆಯ ನಡುವೆ ಬಿಚ್ಚಿ ಅಭ್ಯಾಸವಿರಲಿಲ್ಲ. ತಡಬಡಿಸಿ ಬಿಚ್ಚಿದ. ತೀರ್ಪುಗಾರರು ಮಣಿಕಟ್ಟು ತಿಕ್ಕಿಕೊಂಡು, ಬಂದು, ದಾರವನ್ನು ಹಿಮ್ಮಡಿಯ ತುದಿಯಿಂದ ಬೆರಳಿನಲ್ಲಿ ಸವರುತ್ತ ಹೋದರು. ಮೂರನೆಯ ಗುರುತು, ಐದನೆಯದು, ನಾಲ್ಕನೆಯದು. ಅದರಾಚೆ ಅರಿಸಿನ ಸೋಕದ ಬಿಳಿ ದಾರ. ಮೇಜು ಮುಗಿದ ಕಡೆ ಬಗ್ಗಿ, ನೆಲದ ತನಕ ಸವರಿದರು. ಗಂಟು ಸಿಗಲಿಲ್ಲ.

"ಐದನೆಯದನ್ನ ಒರೆಸಿ" ಎಂದರು. "ಅದು ಅವಳ ಅಳತೆ ಅಲ್ಲ, ಅವನದು."

ಪರವಾದಿ ಎದ್ದು ನಿಂತ. "ಸ್ವಾಮಿ, ಹನ್ನೆರಡು ವರ್ಷ ತಪ್ಪದೆ ಕೀಲಿ ಕೊಟ್ಟವನು. ಅತ್ತಿದ್ದಾನೆ. ಎಲ್ಲರ ಮುಂದೆ ಅತ್ತಿದ್ದಾನೆ."

"ಎಲ್ಲ ಬರೆದಿಟ್ಟಿದ್ದೀರಲ್ಲ, ಜೋಪಾನವಾಗಿಡಿ. ಗಂಟು ಬಿದ್ದ ದಿನ ಕತ್ತರಿಸೋಣ. ಅಲ್ಲಿಯ ತನಕ ಅವನು ಒಳಗಿರಲಿ." ಹಾಗೆಂದು ಅಳತೆಯಮ್ಮನ ಕಡೆ ತಿರುಗಿದರು. "ಆದರೆ ಅಳತೆ ಬೇಕಲ್ಲಮ್ಮ. ಎಷ್ಟು ಬೆಳೀತಿದ್ದಳು ಅಂತ ಯಾರನ್ನ ಕೇಳೋದು?"

ಅಳತೆಯಮ್ಮ ತನ್ನ ಸೆರಗು ಹಿಡಿದು ನಿಂತಿದ್ದ ತಂಗಿಯನ್ನು ತೋರಿಸಿದಳು. "ಒಂದೇ ಹೊಟ್ಟೆಯವು. ಇದು ವರ್ಷಕ್ಕೆಷ್ಟು ಬೆಳೆಯತ್ತೋ ಅದನ್ನ ಅದರ ದಾರಕ್ಕೊಂದು, ಅಕ್ಕನ ದಾರಕ್ಕೊಂದು ಗುರುತು ಹಾಕ್ತೀನಿ. ಇದರದು ಗಂಟು ಬಿದ್ದ ದಿನ ಅಕ್ಕನದೂ ಬೀಳ್ಲಿ."

ತೀರ್ಪುಗಾರರು ಹೂಂ ಎಂದರು. ಆ ದಿನ ಅವರು ಹೊಟ್ಟೆ ತುಂಬ ಊಟ ಮಾಡಿದರಂತೆ.

ಅಳತೆಯಮ್ಮ ಸಂಜೆಯೊಳಗೆ ಆ ಏಳು ಹಳೆಯ ಗಂಟುಗಳನ್ನು ಉಗುರಿನಿಂದ ಬಿಚ್ಚಿ, ಏಳೂ ದಾರಗಳನ್ನು, ಕತ್ತರಿಸಿಟ್ಟ ತುಂಡುಗಳ ಸಮೇತ, ಮತ್ತೆ ಗೂಟಕ್ಕೆ ಹಾಕಿದಳು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಅವರನ್ನು ಕೊಂದವರು ಎಂದೋ ಮನೆಗೆ ಹೋಗಿ, ಮೊಮ್ಮಕ್ಕಳನ್ನು ಆಡಿಸುತ್ತಿದ್ದರು.

ಊರು ಮಾತ್ರ ಬದಲಾಯಿತು, ತನ್ನದೇ ರೀತಿಯಲ್ಲಿ. ಮಗು ಬೆಳೆದಷ್ಟೂ ಆ ದಾರ ಉದ್ದವಾಗುತ್ತದೆ ಎಂದು ತಿಳಿದದ್ದೇ ತಡ, ತಂಗಿಗೆ ಊಟ ಬರತೊಡಗಿತು. ಒಬ್ಬಳು ರಾಗಿ ಹಿಟ್ಟಿಗೆ ತುಪ್ಪ ಕಲಸಿ ತಂದಳು, ಇನ್ನೊಬ್ಬಳು ಎಳ್ಳುಂಡೆ. ಗಡಿಯಾರ ನಡೆಯಬಾರದೇ ಎಂದು ನಿಟ್ಟುಸಿರು ಬಿಟ್ಟಿದ್ದವರೇ ದಿನಾ ಹಾಲು ತಂದು ಮುಂದೆ ನಿಂತು ಕುಡಿಸಿದರು. ಗಡಿಯಾರಕ್ಕೆ ಕುಂಬಾರಗಿತ್ತಿಯೊಬ್ಬಳು ಕೀಲಿ ಕೊಡಲು ಕಲಿತಳು. ಅದು ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿತ್ತು. ಅದರಿಂದಲೂ ಯಾರಿಗೂ ಏನೂ ಆಗಲಿಲ್ಲ.

ಮೊದಲ ವರ್ಷದ ಅಳತೆಯ ದಿನ ತಂಗಿ ಕಂಬಕ್ಕೆ ಬೆನ್ನು ಕೊಟ್ಟು ಗೂನಾಗಿ ನಿಂತಿತು. ಅಳತೆಯಮ್ಮ ನೆಟ್ಟಗೆ ನಿಲ್ಲು ಅನ್ನಲಿಲ್ಲ. ದಾರ ಹಿಡಿದುಕೊಂಡು ಎದುರಿಗೆ ನೆಲದ ಮೇಲೆ ಕೂತಳು. ಹಿಂದೆ ಸಾಲು ಬೆಳೆಯಿತು, ಬಿಸಿಲೇರಿತು, ಯಾರೂ ಅವಸರ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಸುತ್ತಲೂ ಎಲ್ಲರ ಕೈಗಳನ್ನು ನೋಡಿ ಮುಗಿಸಿತು. ಯಾರ ಕೈಯೂ ಮೇಲೇಳಲಿಲ್ಲ. ಆಮೇಲೆ ಅದರ ಕತ್ತು ಭುಜದಿಂದ ನಿಧಾನವಾಗಿ ಹೊರಗೆ ಬಂತು. ಆಗ ಅಳತೆಯಮ್ಮ ಎದ್ದು ಅಳೆದಳು. ಮೂರು ಬೆರಳು ಬೆಳೆದಿತ್ತು. ಅಕ್ಕನ ದಾರದಲ್ಲೂ ನಾಲ್ಕನೆಯ ಗುರುತಿನಿಂದ ಮೂರು ಬೆರಳು ಮೇಲೆ ಅರಿಸಿನ ಬಿತ್ತು.

ಮೂರನೆಯ ವರ್ಷ ತಂಗಿಗೆ ಆರು ತುಂಬಿತ್ತು. ಹಳೆಯ ಲೆಕ್ಕದಲ್ಲಾದರೆ ಗಡಿಯಾರದವನು ಮನೆಗೆ ಬಂದು ಆರು ತಿಂಗಳಾಗಬೇಕಿತ್ತು. ಅಕ್ಕ ಎಂದೂ ಕಾಣದ ವಯಸ್ಸಿಗೆ ತಂಗಿ ಬಂದಿದ್ದಳು. ಈಗ ಬಾಯಿ ಜೋರು, ಒಂದು ಕಡೆ ನಿಲ್ಲುವವಳಲ್ಲ. ಕಂಬಕ್ಕೆ ಬೆನ್ನು ಕೊಟ್ಟವಳೇ ಅಳತೆಯಮ್ಮನ ಕೈಯಲ್ಲಿದ್ದ ಎರಡು ದಾರಗಳನ್ನು ನೋಡಿದಳು.

"ಅಕ್ಕಂದೂ ಈಗಲೇ ಅಳೀತೀಯಾ ಅಜ್ಜಿ?"

"ಹೂಂ ಕಣಮ್ಮ. ನೀನು ನಿಂತ್ರೆ ಅವಳೂ ನಿಂತ ಹಾಗೆ."

ತಂಗಿ ಸ್ವಲ್ಪ ಯೋಚಿಸಿದಳು. ಬೆನ್ನು ಸೆಟೆಸಿ, ಗದ್ದ ಎತ್ತಿ, ಉಸಿರು ಬಿಗಿಹಿಡಿದು, ಎರಡೂ ಹಿಮ್ಮಡಿಗಳನ್ನು ನೆಲದಿಂದ ಮೇಲಕ್ಕೆತ್ತಿ ತುದಿಗಾಲಲ್ಲಿ ನಿಂತಳು.

ಎಲ್ಲರೂ ನೋಡಿದರು. ಕತ್ತರಿಯವನು ನೋಡಿದ, ಪರವಾದಿಯೂ ನೋಡಿದ. ತೀರ್ಪುಗಾರರಿಗೆ ಅದೇ ಹೊತ್ತಿಗೆ ಹುಣಸೆಯ ಚಿಗುರಿನಲ್ಲಿ ಏನೋ ಕಂಡಿತು, ಅವರು ಮೇಲೆ ನೋಡುತ್ತ ನಿಂತರು. ಅಳತೆಯಮ್ಮ ಮಗುವಿನ ತಲೆಯ ಮೇಲೆ ಅಂಗೈಯಿಟ್ಟಳು. ಮೂವತ್ತಮೂರು ವರ್ಷ ಆ ಜಾಗದಲ್ಲಿ ನಿಂತು ಹೇಳುತ್ತ ಬಂದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಅರಿಸಿನದಲ್ಲಿ ಬೆರಳದ್ದಿದಳು.

"ಇದು ಅಳತೆ" ಎಂದಳು.